ತೂಕದವಳು

ಮೊದಲು ಬೂಟು ಬಿಡಿ, ಆಮೇಲೆ ಹತ್ತಿ.
ಇಲ್ಲ ಸೆನ್ಯೋರಾ, ಕೋಳಿಯನ್ನು ಕೆಳಗಿಡುವಂತಿಲ್ಲ,
ಅದೂ ಹಾರುವುದು ನಮ್ಮ ಎಣ್ಣೆಯಲ್ಲೇ.

ಒಂಬತ್ತು ವರ್ಷದಿಂದ ಇದೇ ಕೆಲಸ ನನ್ನದು.
ಬೊಲಿವಿಯದ ಈ ಬಯಲಿನಲ್ಲಿ, ಮಮೋರೆ ನದಿಯಾಚೆಯ
ಹುಲ್ಲುಪಟ್ಟಿಗಳಿಗೆ ಹಾರುವವರನ್ನು
ದನದ ಸಂತೆಯಿಂದ ತಂದ ತಕ್ಕಡಿಯ ಮೇಲೆ ನಿಲ್ಲಿಸಿ
ಬರೆದುಕೊಳ್ಳುವುದು: ಎಪ್ಪತ್ತೊಂದು. ಐವತ್ನಾಲ್ಕು.
ಕೋಳಿ ಸಮೇತ ಅರವತ್ತಾರೂವರೆ.
ಊರಿನ ಅರ್ಧ ಹೆಂಗಸರು ನನ್ನೆದುರು ಉಸಿರು ಬಿಗಿಹಿಡಿಯುತ್ತಾರೆ,
ಉಸಿರಿಗೂ ದರ ಹಾಕುತ್ತೇನೆಂಬಂತೆ.

ನಮ್ಮವು ಮೂರು ವಿಮಾನ. ಅಂದರೆ ಎರಡು.
ಮೂರನೆಯದು ಶೆಡ್ಡಿನ ಹಿಂದೆ ನಿಂತು
ಮಿಕ್ಕೆರಡಕ್ಕೆ ತನ್ನ ಮೈಯನ್ನು ಬಿಡಿಬಿಡಿಯಾಗಿ ಕೊಡುತ್ತಿದೆ:
ಹೋದ ತಿಂಗಳು ಚಕ್ರ, ಮೊನ್ನೆ ಒಂದು ಕಿಟಕಿ.

ಆಮೇಲೆ ದೊಡ್ಡವರು ಬಂದರು.
ಎಪ್ಪತ್ತು ಸೀಟು, ತಂಪು ಗಾಳಿ, ನಿಂಬೆ ವಾಸನೆಯ ಕರವಸ್ತ್ರ.
ರೇಡಿಯೋದಲ್ಲಿ ದಿನಕ್ಕೆ ಒಂಬತ್ತು ಸಲ:
ಪುಯೆರ್ತೊ ಎಲೇನಾಕ್ಕೆ ನಮ್ಮದರ ಅರ್ಧ ದರ.

ಹೇಗೆ ಪೂರೈಸುತ್ತದೆ ಅವರಿಗೆ, ಕೇಳಿದೆ.
ರೆಂಬೆರ್ತೊ (ಮಾಲೀಕ, ಪೈಲಟ್, ಕಸ ಗುಡಿಸುವವನೂ ಅವನೇ)
ಸ್ಪಾನರು ಒರೆಸುತ್ತ ಹೇಳಿದ:
"ಬರುವ ವರ್ಷದ ಎಣ್ಣೆಯನ್ನು ಹೋದ ವರ್ಷದ ಬೆಲೆಗೆ
ಕಾಗದದ ಮೇಲೆ ಕೊಂಡಿಟ್ಟಿದ್ದಾರೆ, ಇಗ್ನಾಸಿಯಾ.
ನಾವು ಇವತ್ತಿನದನ್ನು ಇವತ್ತು ಕೊಳ್ಳುತ್ತೇವೆ, ಪೀಪಾಯಿಯಲ್ಲಿ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರಲ್ಲ ನಾವು.
ಬರುತ್ತದೆಂಬ ಗಾಳಿಮಾತಿಗೇ ರಾತ್ರಿ ಎರಡಕ್ಕೆ ಎದ್ದು
ಪೀಪಾಯಿ ಉರುಳಿಸಿಕೊಂಡು ಹೋಗಿ
ಸಾಲಿನಲ್ಲಿ ಅದರ ಮೇಲೇ ನಿದ್ದೆ ತೂಗಿದವರು.
ಜನವರಿಯಲ್ಲಿ ಒಂದು ಬೆಲೆ. ಮಾರ್ಚಿನಲ್ಲಿ ಅದರ ಮೇಲೆ ಕಾಲು.
ಜೂನಿನಲ್ಲಿ, ದಕ್ಷಿಣದ ಚಳಿಗಾಳಿ ಬೀಸಿದ ವಾರ,
ಬೋರ್ಡಿನ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆಯತೊಡಗಿದರು.
ಬಣ್ಣ ಒಣಗುವಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ ಅದು.

ಎಣ್ಣೆ ಇದ್ದಷ್ಟೇ ರೆಕ್ಕೆ ಚಾಚಬೇಕು.
ತೂಕ ಇಳಿಸತೊಡಗಿದೆವು.
ಮೊದಲು ಜಮಖಾನ. ಆಮೇಲೆ ಯಾರೂ ಬಳಸದ ಬೂದಿಬಟ್ಟಲುಗಳು.
ಸೀಟಿನ ಬೆನ್ನಿನ ಹತ್ತಿ.
ಒಂದು ಭಾನುವಾರ ರೆಂಬೆರ್ತೊ ಉಪ್ಪುಕಾಗದ ತಂದು
ಬಾಲದ ಮೇಲಿನ ಕೆಂಗೊರಳ ಕೊಕ್ಕರೆಯನ್ನು ಉಜ್ಜಲು ಕೂತ.
ಅದನ್ನು ಬರೆದಿದ್ದವಳು ಅವನ ಹೆಂಡತಿ ನೆಲ್ವಾ,
ಅವನನ್ನು ಬಿಟ್ಟುಹೋಗುವ ಮುಂಚೆ.
ಕೊಕ್ಕಿನಿಂದ ಶುರುಮಾಡಿ ಕಾಲಿಗೆ ಬರುವಷ್ಟರಲ್ಲಿ ಸಂಜೆ.
ಮತ್ತೆರಡು ವಾರಕ್ಕೆ ಇಡೀ ಮೈ.
ಪುಡಿಯನ್ನೆಲ್ಲ ಬಕೆಟ್ಟಿಗೆ ಗುಡಿಸಿ ನನ್ನೆದುರು ತಂದಿಟ್ಟ:
ತೂಗು.
ಹದಿನಾಲ್ಕು ಕಿಲೋ. ಬಕೆಟ್ಟು ಬಿಟ್ಟು.
"ಒಂದು ಮೂಟೆ ಮರಗೆಣಸಿನ ಹಿಟ್ಟು," ಅಂದ, ಅಷ್ಟೇ.

ಆ ಚಳಿಗಾಲ ತಕ್ಕಡಿಯ ಮೇಲೆ ಬೆಕ್ಕು ಮಲಗುತ್ತಿತ್ತು.
ಮೂರು ಕಿಲೋ ಎಂಟುನೂರು.
ಅದನ್ನೂ ಬರೆದೆ, ಕೈ ಜಡ್ಡುಗಟ್ಟಬಾರದೆಂದು.

ಡಿಸೆಂಬರಿನಲ್ಲಿ ನದಿ ಬಯಲಿಗೆ ಬಂತು.
ಸೀಟು ತುಂಬುವುದಿಲ್ಲವೆಂದು ಲೆಕ್ಕ ಹಾಕಿ ದೊಡ್ಡವರು
ಒಂದು ಗುರುವಾರ ಬರಲಿಲ್ಲ. ಮುಂದಿನ ಗುರುವಾರವೂ.
ಅದನ್ನು ರೇಡಿಯೋದಲ್ಲಿ ಒಂಬತ್ತು ಸಲ ಹೇಳಲಿಲ್ಲ.

ಒಬ್ಬೊಬ್ಬರಾಗಿ ಮರಳಿದರು ನಮ್ಮವರು,
ಆ ನಿಂಬೆ ವಾಸನೆ ಇನ್ನೂ ಜೇಬಿನಲ್ಲಿ.
ಮೇಷ್ಟ್ರು ಅಪೊಲಿನಾರ್ ನನ್ನ ಮುಖ ನೋಡದೆ ಬೂಟು ಬಿಟ್ಟ.
ಎಪ್ಪತ್ತೊಂಬತ್ತು. ಹೋದ ಸಲಕ್ಕಿಂತ ನಾಲ್ಕು ಹೆಚ್ಚು.
ನಾಚಿಕೆಯನ್ನು ಬೇರೆ ಮಾಡಿ ತೂಗಲು ನನಗೆ ಬರುವುದಿಲ್ಲ.
"ದರ ಏರಿದೆ," ಅಂದೆ.
"ಗೊತ್ತು," ಅಂದ. "ನೀರೂ."

ಗೆದ್ದರು ಅಂತ ಬರೆದುಕೊಳ್ಳಬೇಡಿ.
ಆನೆ ನಡೆದದ್ದೇ ದಾರಿ. ನಾವು
ಅದು ಕಾಲಿಡಲಾರದ ಕೆಸರಿನಲ್ಲಿ ನಿಂತ ಕೊಕ್ಕರೆಗಳು.
ಕೆಸರಿರುವ ತನಕ ಕೆಲಸ.

ಕತ್ತಲಾಯಿತು. ಬಣ್ಣವಿಲ್ಲದ ತಗಡು
ಟಿಕ್ ಟಿಕ್ ಎಂದು ತಣ್ಣಗಾಗುತ್ತಿತ್ತು.
ಸಾಲದ ಪುಸ್ತಕ ಕಂಕುಳಲ್ಲಿಟ್ಟು ನಾನೇ ತಕ್ಕಡಿ ಹತ್ತಿದೆ.
ಇಳಿದು, ಅದನ್ನು ಬೆಂಚಿನ ಮೇಲಿಟ್ಟು, ಮತ್ತೆ ಹತ್ತಿದೆ.
ಎರಡು ಕಿಲೋ ಇನ್ನೂರು.
ಬೂದಿಬಟ್ಟಲುಗಳಿಗಿಂತ ಹೆಚ್ಚು.
ನಾಳೆಯ ಪಟ್ಟಿಯಲ್ಲಿ ಬರೆಯಲಿಲ್ಲ.